ಕೋಳಿ ಸಾಕದ ಹಟ್ಟಿಯಲ್ಲಿ ಮೊಟ್ಟೆ

ನಾನು ಹಳೇ ಪೆನ್ಷನ್ನಿನ ಮೇಷ್ಟ್ರು. ಈ ಮಾತಿನ ಬೆಲೆ ಏನೆಂದು ಬೇರೆ ಕಸುಬಿನವರಿಗೆ ಗೊತ್ತಾಗುವುದಿಲ್ಲ. ಮೊಳಕಾಲ್ಮೂರಿನಲ್ಲಿ ಶಿಕ್ಷಕರ ಸಭೆ ನಡೆದಾಗಲೆಲ್ಲ ನನಗಿಂತ ತಡವಾಗಿ ನೌಕರಿಗೆ ಸೇರಿದವರು, ಹೊಸ ಪೆನ್ಷನ್ನಿನ ಲೆಕ್ಕಕ್ಕೆ ಬಿದ್ದವರು, ನನ್ನನ್ನು ಮೇಲಿಂದ ಕೆಳಗೆ ನೋಡಿ "ನಿಮ್ದು ಬಿಡಿ ಸಾರ್, ಪುಣ್ಯ ಮಾಡಿ ಹುಟ್ಟೀರಿ" ಎನ್ನುತ್ತಿದ್ದರು. ಚುನಾವಣೆ ಬಂದಾಗ ಎಲ್ಲ ಪಕ್ಷದವರೂ ಬಂದು ಅವರಿಗೆ ಹಳೆಯದನ್ನೇ ಕೊಡಿಸುತ್ತೇವೆ ಎಂದು ಕೈ ಮುಗಿಯುತ್ತಿದ್ದರು. ಗೆದ್ದ ಮೇಲೆ ಸಮಿತಿ ಮಾಡುತ್ತಿದ್ದರು. ಇತ್ತ ಮಕ್ಕಳು ಕಡಿಮೆಯಿರುವ ಶಾಲೆಗಳನ್ನು ಪಕ್ಕದ ಶಾಲೆಗೆ ಸೇರಿಸುವ ಪಟ್ಟಿ ಮಾತ್ರ ಯಾವ ಸಮಿತಿಯೂ ಇಲ್ಲದೆ ತಯಾರಾಗುತ್ತಿತ್ತು. ನನ್ನ ಶಾಲೆ ಆ ಪಟ್ಟಿಯ ಅಂಚಿನಲ್ಲಿತ್ತು. ನನಗೆ ನಿವೃತ್ತಿಗೆ ಒಂದು ವರ್ಷ ಬಾಕಿಯಿತ್ತು.

ಶಾಲೆ ಇದ್ದದ್ದು ಆಂಧ್ರದ ಗಡಿಗೆ ತಾಗಿದ ಒಂದು ಹಟ್ಟಿಯಲ್ಲಿ. ಅಲ್ಲಿ ಕೋಳಿ ಸಾಕುವುದಿಲ್ಲ, ಕೋಳಿ ತಿನ್ನುವುದಿಲ್ಲ, ಮೊಟ್ಟೆಯನ್ನು ಮನೆಯೊಳಗೆ ತರುವುದಿಲ್ಲ. ಕುರಿ ಕೊಯ್ದು ಉಣ್ಣುವ ಜನ, ಆದರೆ ಕೋಳಿ ಮಾತ್ರ ಕೂಡದು. ದೇವರ ಕಟ್ಟು ಅದು. ಕೋಳಿ ಕೂಗದಿದ್ದರೂ ಅಲ್ಲಿ ಬೆಳಗಾಗುತ್ತದೆ ಎಂದು ಹೊರಗಿನವರು ತಮಾಷೆ ಮಾಡುತ್ತಾರೆ. ನಾನು ತಮಾಷೆ ಮಾಡುವಂತಿಲ್ಲ, ಏಕೆಂದರೆ ನಾನೂ ಅದೇ ಜನ. ಚಳ್ಳಕೆರೆ ಹತ್ತಿರ, ನನ್ನಿವಾಳದ ಕಡೆಯ ನಮ್ಮ ಹಟ್ಟಿಯಲ್ಲೂ ಇದೇ ಕಟ್ಟು. ಈ ವಯಸ್ಸಿನವರೆಗೆ ನಾನು ಮೊಟ್ಟೆಯ ರುಚಿ ನೋಡಿಲ್ಲ.

ಶಾಲೆಗೆ ಎರಡು ಹುದ್ದೆ. ನನ್ನದೊಂದು. ಇನ್ನೊಂದಕ್ಕೆ ಬಂದವರೆಲ್ಲ ಬಂದ ದಿನವೇ ಬಸ್ಸಿನ ವೇಳೆ ಕೇಳಿ, ವರ್ಷ ತುಂಬುವುದರೊಳಗೆ ವರ್ಗ ಮಾಡಿಸಿಕೊಂಡು ಹೋದರು. ಕೊನೆಗೆ ಆ ಜಾಗಕ್ಕೆ ಅತಿಥಿ ಶಿಕ್ಷಕಿಯೊಬ್ಬಳನ್ನು ತೆಗೆದುಕೊಂಡೆವು. ಚಳ್ಳಕೆರೆಯ ಹುಡುಗಿ. ಅವಳ ಅಪ್ಪ ಎಣ್ಣೆ ಗಾಣದಲ್ಲಿ ಮೂಟೆ ಹೊರುತ್ತಿದ್ದ. ಎರಡು ಬಸ್ಸು ಹತ್ತಿ ಇಳಿದು, ಮೇಲೆ ಎರಡು ಮೈಲಿ ನಡೆದು ಬರುತ್ತಿದ್ದಳು. ಗೌರವಧನ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಆದರೂ ಮೂರು ವರ್ಷ ಬಂದಳು. ಮನೆಯಲ್ಲಿ ತೆಲುಗಾಡುವ ಮಕ್ಕಳಿಗೆ ಕನ್ನಡ ಕಲಿಸಲು ತಾನು ಮೊದಲು ತೆಲುಗು ಕಲಿತಳು. ಇಪ್ಪತ್ತೆರಡು ಮಕ್ಕಳು ಅವಳ ಸೆರಗು ಬಿಡುತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಎಂದು ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು ಪ್ರಯೋಜನ?

ಬಿಸಿಯೂಟದ ಜೊತೆ ಮಕ್ಕಳಿಗೆ ಮೊಟ್ಟೆ ಕೊಡಬೇಕು, ತಿನ್ನದವರಿಗೆ ಬಾಳೆಹಣ್ಣು ಕೊಡಬಹುದು ಎಂದಿತ್ತು. ನಾವು ಎಲ್ಲರಿಗೂ ಬಾಳೆಹಣ್ಣನ್ನೇ ಕೊಡುತ್ತಿದ್ದೆವು. ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹೊಸದಾಗಿ ಬಂದ ಅಧಿಕಾರಿಯೊಬ್ಬರು ತಪಾಸಣೆಗೆ ಬಂದರು. ಕುರ್ಚಿಯಲ್ಲೂ ಕೂರಲಿಲ್ಲ. ಬಿಸಿಯೂಟದ ಲೆಕ್ಕದ ಪುಸ್ತಕ ತಿರುವಿ ಹಾಕಿ ನನ್ನ ಮುಖ ನೋಡಿದರು.

"ಒಂದು ಮಗೂನೂ ಮೊಟ್ಟೆ ತಿನ್ನಲ್ವೇನ್ರಿ?"

"ಇಲ್ಲ ಸಾರ್. ಇಲ್ಲಿ ಪದ್ಧತಿ ಇಲ್ಲ."

"ಪದ್ಧತಿ! ದುಡ್ಡು ಮೊಟ್ಟೆಗೆ ಬರುತ್ತೆ, ನೀವು ಹಣ್ಣು ಅಂತ ಬರೀತೀರಿ. ಯಾರು ನಂಬ್ತಾರೆ? ಮುಂದಿನ ತಿಂಗಳು ಬರ್ತೀನಿ. ಅಷ್ಟರಲ್ಲಿ ಸರಿಹೋಗದಿದ್ರೆ ನೋಟೀಸು. ನಿಮ್ಮ ಪೆನ್ಷನ್ ಕಡತ ಎಲ್ಲಿದೆ ಅಂತ ನೆನಪಿದೆ ತಾನೇ?"

ನಿವೃತ್ತಿಯ ಹೊತ್ತಿಗೆ ಮೇಷ್ಟ್ರ ಮೇಲೆ ಇಲಾಖಾ ವಿಚಾರಣೆ ಇದ್ದರೆ ಪೂರ್ತಿ ಪೆನ್ಷನ್ ಕೈಗೆ ಬರುವುದಿಲ್ಲ. ಹಾಗೆ ಸಿಕ್ಕಿಬಿದ್ದ ಒಬ್ಬರನ್ನು ನಾನು ಕಂಡಿದ್ದೆ. ಚಿತ್ರದುರ್ಗದ ಕಚೇರಿಯ ಮೆಟ್ಟಿಲ ಮೇಲೆ ಕೈಚೀಲ ಹಿಡಿದು ಕೂತಿರುತ್ತಿದ್ದರು, ಪರಿಚಯದವರು ಬಂದರೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ಆ ಮನುಷ್ಯ ನನ್ನ ಕಣ್ಣ ಮುಂದಿಂದ ಕದಲಲೇ ಇಲ್ಲ. ಊಟಕ್ಕೆ ಕೂತರೆ ಅವರೇ, ಹಲಗೆಯ ಮೇಲೆ ಬರೆಯಲು ನಿಂತರೆ ಅವರೇ.

ಸರಿಯಾದ ದಾರಿ ಗೊತ್ತಿತ್ತು. ಹಟ್ಟಿಯ ಯಜಮಾನನ ಹತ್ತಿರ ಹೋಗಿ, ನಮ್ಮಲ್ಲಿ ಮೊಟ್ಟೆ ಕೂಡದು ಎಂದು ಹಿರಿಯರ ಸಹಿ ಹಾಕಿಸಿ ಕಚೇರಿಗೆ ಕೊಡುವುದು. ಕೊಟ್ಟರೆ ಅಧಿಕಾರಿಗೆ ಎದುರಾಡಿದಂತೆ ಆಗುತ್ತದೆಂದು ಹೆದರಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಂಥದ್ದೊಂದು ಉಪಾಯ ನನ್ನ ಹಾಳು ತಲೆಗೆ ಹೊಳೆಯಿತು. ಪುಸ್ತಕದಲ್ಲಿ ಮೊಟ್ಟೆ ಬರಬೇಕು, ಕೊಟ್ಟ ಕೈ ನನ್ನದಾಗಬಾರದು.

ಒಂದು ಸಂಜೆ ಹುಡುಗಿಯನ್ನು ಕರೆದು ಹೇಳಿದೆ.

"ಟೀಚರ್, ನಾಳೆ ನಾನು ರಜೆ. ಮೊಟ್ಟೆ ತಂದಿಟ್ಟಿದ್ದೀನಿ. ಬೇಯಿಸಿ ಕೊಟ್ಟುಬಿಡಿ. ತಿನ್ನೋರು ತಿನ್ಲಿ."

ಅವಳು ಬೆಚ್ಚಿದಳು. "ಸಾರ್, ಇಲ್ಲಿ ಆಗಲ್ವಲ್ಲ! ಮೂರು ವರ್ಷದಿಂದ ನೋಡ್ತಿದೀನಿ."

"ಹಿರಿಯರ ಹತ್ರ ಮಾತಾಡೀನಿ. ಒಪ್ಯಾರೆ."

"ನಿಜವಾಗ್ಲೂ ಸಾರ್?"

"ನಾನೂ ಅವರ ಜನಾನೇ ಅಲ್ವೇನಮ್ಮ? ನನಗೆ ಗೊತ್ತಿಲ್ವಾ?"

ಅಷ್ಟು ಸುಲಭವಾಗಿ ಸುಳ್ಳು ಹೇಳಿದೆ. ನಾಲಿಗೆ ತೊದಲಲೂ ಇಲ್ಲ.

ಮರುದಿನ ನಡೆದದ್ದನ್ನು ಆಮೇಲೆ ಕೇಳಿ ತಿಳಿದೆ. ಅಡುಗೆಯಾಕೆ ಹಟ್ಟಿಯವಳೇ. ಮೊಟ್ಟೆ ಕಂಡದ್ದೇ ಹಿಂದೆ ಸರಿದು, ಒಲೆ ಬಿಟ್ಟು ಹೊರಗೆ ಹೋದಳಂತೆ. ಹುಡುಗಿ ತಾನೇ ಬೇಯಿಸಿ ಸುಲಿದಳು. ಏಳೆಂಟು ಮಕ್ಕಳು ತಿಂದವು. ಒಂದು ಮಗು ಅರ್ಧವನ್ನು ಅಜ್ಜಿಗೆಂದು ಲಂಗದಲ್ಲಿ ಮುಚ್ಚಿಕೊಂಡು ಮನೆಗೆ ಒಯ್ದಿತು.

ರಜೆ ಮುಗಿಸಿ ನಾನು ಅದರ ಮರುದಿನ ಶಾಲೆಗೆ ಹೋದಾಗ ಗೇಟಿನ ಬಳಿ ಯಜಮಾನ ನಿಂತಿದ್ದ. ಎಂಬತ್ತು ದಾಟಿದ ಮುದುಕ, ಕೈಯಲ್ಲಿ ಕೋಲು. ಹಿಂದೆ ಐದಾರು ಗಂಡಸರು. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಹಟ್ಟಿಯ ಕಡೆಯಿಂದ ಒಂದು ಮಗುವಿನ ದನಿಯೂ ಕೇಳುತ್ತಿರಲಿಲ್ಲ.

"ಮೇಷ್ಟ್ರೇ," ಎಂದ ಮುದುಕ, "ಮಕ್ಕಳಿಗೆ ತಲೆಗೆ ನೀರು ಹಾಕಿ, ಗುಡಿ ತೀರ್ಥ ಕುಡಿಸಿ ಕೂರಿಸೀವಿ. ಅದು ಆಯ್ತು. ಯಾರು ಕೊಟ್ಟಿದ್ದು, ಯಾರನ್ನ ಕೇಳಿ ಕೊಟ್ಟಿದ್ದು, ಅಷ್ಟು ಹೇಳ್ರಿ."

ಹುಡುಗಿ ಆಗತಾನೇ ನಡೆದು ಬಂದು ನನ್ನ ಹಿಂದೆ ನಿಂತಿದ್ದಳು. ಅವಳ ಏದುಸಿರು ನನಗೆ ಕೇಳಿಸುತ್ತಿತ್ತು.

"ನಿನ್ನೆ ನಾನು ರಜೆಯಲ್ಲಿದ್ದೆ ಅಜ್ಜ," ಎಂದೆ. "ನನಗೆ ಗೊತ್ತಿಲ್ಲ."

ಅವಳು ನನ್ನನ್ನು ನೋಡಿದಳು. ಆಮೇಲೆ ಮುಂದೆ ಹೋಗಿ ಮುದುಕನ ಕಾಲು ಮುಟ್ಟಿ, ತೆಲುಗಿನಲ್ಲೇ "ತಪ್ಪು ನನ್ನದು ತಾತಾ" ಎಂದಳು. ಮುದುಕ ಅವಳ ತಲೆಯ ಮೇಲೆ ಕೈಯಿಟ್ಟು, ನನ್ನನ್ನೇ ನೋಡುತ್ತಾ ನಿಂತ. ಆಮೇಲೆ ಎಲ್ಲರೂ ಹೊರಟುಹೋದರು.

ಮುಂದಿನ ಸೋಮವಾರದಿಂದ ಹಳದಿ ವ್ಯಾನು ಬರತೊಡಗಿತು. ಹೆದ್ದಾರಿಯ ಬದಿಯ ಖಾಸಗಿ ಶಾಲೆಯದು. ಅದುವರೆಗೆ ಆ ಮಣ್ಣುದಾರಿಗೆ ಇಳಿದದ್ದೇ ಇಲ್ಲ. ನಮ್ಮ ಗೇಟಿನ ಮುಂದೆಯೇ ತಿರುಗಿಸಿಕೊಂಡು, ಹಾರ್ನ್ ಹೊಡೆದು, ಹನ್ನೊಂದು ಮಕ್ಕಳನ್ನು ಹತ್ತಿಸಿಕೊಂಡು ಹೋಯಿತು. ನಮಗೆ ಹನ್ನೊಂದು ಉಳಿದವು. ಹುಡುಗಿ ಮಾತ್ರ ಎಂದಿನಂತೆ ಪಾಠ ಮಾಡಿದಳು. ನನ್ನೊಡನೆ ಬೇಕಾದಷ್ಟೇ ಮಾತು. "ಸಾರ್, ಸೀಮೆಸುಣ್ಣ ಮುಗಿದೈತೆ." ಅಷ್ಟೇ. ಬೆಳಿಗ್ಗೆ ದೂರದಿಂದ ಹಾರ್ನ್ ಕೇಳಿದರೆ ಇವತ್ತು ಇನ್ನೆಷ್ಟು ಹತ್ತುತ್ತವೋ ಎಂದು ಕಿಟಕಿಯ ಮರೆಯಲ್ಲಿ ನಿಂತು ನೋಡುತ್ತಿದ್ದೆ.

ಅಧಿಕಾರಿ ಹೇಳಿದಂತೆ ಬಂದರು. ಅರ್ಧಕ್ಕರ್ಧ ಮಕ್ಕಳು ಬಿಟ್ಟ ಸುದ್ದಿ ಅವರಿಗೆ ಮೊದಲೇ ಮುಟ್ಟಿತ್ತು. ಈ ಸಲ ಕುರ್ಚಿಯಲ್ಲಿ ಕೂತರು, ನೀರು ಕೇಳಿ ಕುಡಿದರು. ಅವರ ಮೆದುಮಾತು ನನಗೆ ಹೆಚ್ಚು ಭಯ ಹುಟ್ಟಿಸಿತು.

"ಮೇಲಿನಿಂದ ವಿವರಣೆ ಕೇಳಿದ್ದಾರೆ. ಪೋಷಕರ ಒಪ್ಪಿಗೆ ಇಲ್ಲದೆ ಕೊಟ್ಟಿದ್ದು ಯಾರು? ನೀವಾದ್ರೆ ವಿಚಾರಣೆ ಆಗುತ್ತೆ, ಅದು ನಿಮ್ಮ ನಿವೃತ್ತಿ ದಾಟಿ ನಡೆಯುತ್ತೆ. ಗೆಸ್ಟ್ ಟೀಚರ್ ಆದ್ರೆ ಏನೂ ಇಲ್ಲ, ನಾಳೆಯಿಂದ ಬರಬೇಡಿ ಅಂದ್ರೆ ಮುಗೀತು. ಯೋಚ್ನೆ ಮಾಡಿ ಬರೀರಿ."

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸಂತೆ. ಪಕ್ಕದ ಕೋಣೆಯಲ್ಲಿ ಅವಳು ಮಗ್ಗಿ ಹೇಳಿಸುತ್ತಿದ್ದಳು. ಮಕ್ಕಳು ಹದಿಮೂರರ ಮಗ್ಗಿಯಲ್ಲಿ ಎಡವಿ ಎಡವಿ ನಗುತ್ತಿದ್ದವು. ನಾನು ನನ್ನ ಒಳ್ಳೆಯ ಅಕ್ಷರದಲ್ಲಿ ಬರೆದೆ. ನಾನು ರಜೆಯಲ್ಲಿದ್ದಾಗ, ನನ್ನ ಗಮನಕ್ಕೆ ತಾರದೆ, ಅತಿಥಿ ಶಿಕ್ಷಕಿಯವರು ಸ್ವಇಚ್ಛೆಯಿಂದ ಮೊಟ್ಟೆ ವಿತರಿಸಿರುತ್ತಾರೆ. ಸಹಿ ಹಾಕಿ, ಮೊಹರು ಒತ್ತಿ ಅವರ ಕೈಗಿಟ್ಟೆ. ಥೂ!

ಅವಳಿಗೆ ಆದೇಶದ ಕಾಗದವೂ ಬರಲಿಲ್ಲ. ನಾನೇ ಫೋನ್ ಮಾಡಿ ಹೇಳಬೇಕಾಯಿತು. "ಸರಿ ಸಾರ್" ಎಂದಳು. ಆಮೇಲೆ "ಮೂರನೇ ಕ್ಲಾಸಿನವಕ್ಕೆ ಕಳೆಯೋ ಲೆಕ್ಕ ಇನ್ನೂ ಬಂದಿಲ್ಲ ಸಾರ್, ಸ್ವಲ್ಪ ನೋಡ್ಕೊಳ್ಳಿ" ಎಂದಳು. ಮರುದಿನ ಶಾಲೆಗೆ ನಾಲ್ಕು ಮಕ್ಕಳು ಬಂದವು. ವಾರದೊಳಗೆ ಒಂದೂ ಇಲ್ಲ. ನಾನೊಬ್ಬನೇ ಬೀಗ ತೆಗೆದು, ಗಂಟೆ ಬಾರಿಸಿ, ಖಾಲಿ ಕೋಣೆಯಲ್ಲಿ ಕೂತು ಹಾಜರಿ ಪುಸ್ತಕ ತೆರೆಯುತ್ತಿದ್ದೆ. ಜೂನ್ ಬರುವ ಮೊದಲೇ ಶಾಲೆ ವಿಲೀನವಾಯಿತು. ನನ್ನನ್ನು ಬೇರೆಡೆಗೆ ನಿಯೋಜಿಸಿದರು. ಅಲ್ಲಿಂದಲೇ ಹಾರ ಹಾಕಿಸಿಕೊಂಡು ನಿವೃತ್ತನಾದೆ.

ಮನಸ್ಸು ಸುಮ್ಮನಿರಗೊಡಲಿಲ್ಲ. ನಿವೃತ್ತಿಯಾಗಿ ಕೆಲವು ತಿಂಗಳಿಗೆ ಹಟ್ಟಿಗೆ ಹೋದೆ. ಯಜಮಾನ ಜಗುಲಿಯಲ್ಲಿ ಕೂತಿದ್ದ. ನಾನು ನಿಂತೇ ಎಲ್ಲ ಹೇಳಿದೆ. ಮೊಟ್ಟೆ ತಂದವನು ನಾನು, ನೀವು ಒಪ್ಪಿದಿರಿ ಎಂದು ಸುಳ್ಳು ಹೇಳಿದವನು ನಾನು, ಬರೆದುಕೊಟ್ಟವನೂ ನಾನು.

"ಗೊತ್ತಲ್ಲಪ್ಪ," ಎಂದ. "ಅವತ್ತೇ ಗೊತ್ತಿತ್ತು. ಮೇಷ್ಟ್ರು ಹಿರಿಯರನ್ನ ಕೇಳ್ಯಾರಂತೆ ಅಂತ ಆ ಟೀಚರಮ್ಮ ಅಡುಗೆಯವಳಿಗೆ ಹೇಳಿ ಆಮೇಲೇ ಒಲೆ ಮೇಲೆ ಇಟ್ಟಿದ್ಲು. ಗೇಟಿನ ಹತ್ರ ನೀನಾಗಿ ಒಪ್ಕಂತೀಯೇನೋ ಅಂತ ಕೇಳಿದ್ದು."

ನಾನು ಜಗುಲಿಯ ಅಂಚಿನಲ್ಲಿ ಕೂತೆ. ಅವನು ಮುಂದುವರಿಸಿದ.

"ಮೊಟ್ಟೆಯ ಮೈಲಿಗೆ ಒಂದು ಚೊಂಬು ನೀರಿಗೆ ಹೋಯ್ತು. ಸುಳ್ಳು ಹೇಳೋ ಮೇಷ್ಟ್ರ ಕೈಗೆ ಮಕ್ಕಳನ್ನ ಹೆಂಗೆ ಬಿಡೋದು ಅಂತ ಅರ್ಧ ಜನ ವ್ಯಾನಿಗೆ ಹಾಕಿದ್ರು. ಉಳಿದ ಹನ್ನೊಂದನ್ನ ಆಯಮ್ಮನಿಗೋಸ್ಕರ ಇಟ್ಟಿದ್ವಿ, ಅವಳ ಕೆಲಸ ಉಳೀಲಿ ಅಂತ. ನೀನು ಅವಳನ್ನೂ ಕಳಿಸಿದೆ. ಆಮೇಲೆ ಯಾರಿಗೋಸ್ಕರ ಕಳಿಸ್ಬೇಕಿತ್ತು, ಹೇಳು?"

ಒಳಗಿನಿಂದ ಮಜ್ಜಿಗೆ ತರಿಸಿಕೊಟ್ಟ. ನಾನು ಕುಡಿದು ಮುಗಿಸುವವರೆಗೂ ಕಾದು, ಯಾವ ಕುಹಕವೂ ಇಲ್ಲದೆ, ಮನೆಗೆ ಬಂದ ನೆಂಟರನ್ನು ವಿಚಾರಿಸುವ ದನಿಯಲ್ಲೇ ಕೇಳಿದ.

"ಪೆನ್ಷನ್ ಸರಿಯಾಗಿ ಬರ್ತೈತಾ?"

"ಬರ್ತೈತೆ ಅಜ್ಜ," ಎಂದೆ.