ಒಳಗೆ ಒಬ್ಬರಿಗಷ್ಟೇ ಜಾಗ

ಗೆಳತಿಯರೇ, ಮಲಗಿಸದೆ, ಕುಕ್ಕರಗಾಲಲ್ಲಿ ಕೂರಿಸಿ ಹೆರಿಗೆ ಮಾಡಿಸಲು ಒಪ್ಪುವ ಡಾಕ್ಟರು ಇವತ್ತು ಬೈಲಹೊಂಗಲದಲ್ಲಿ ಸಿಕ್ಕರು. ಮಗಳ ಈ ಹಟಕ್ಕಾಗಿ ಸವದತ್ತಿ, ರಾಮದುರ್ಗ ಸುತ್ತಿ ಬೈಸಿಕೊಂಡವಳು ನಾನು. ಇವತ್ತಷ್ಟೇ ಜೊತೆಗೆ ಬಂದವರು ಅವಳ ಅತ್ತೆ.

"ಹೆರಿಗ್ಯಾಗ ಒಬ್ಬರು ಒಳಗ ಇರಬಹುದು. ಯಾರ್ ಇರ್ತೀರಿ?" ಎಂದರು ಡಾಕ್ಟರು. ನಾನು ಆಗಲೇ ಎದ್ದು ನಿಂತಿದ್ದೆ.

"ಅತ್ತಿ ಇರ್ಲಿರಿ," ಅಂದಳು ಮಗಳು. "ಅವರು ದೊಡವಾಡದ ಮನ್ಯಾಗ ಹಗ್ಗಾ ಹಿಡದು ಕುಂತ ಹಡದಾರ. ಅವ್ವಾ, ನೀ ನನಕಿಂತ ಮೊದ್ಲ ಅಳತಿ."

ಬೀಗತಿ ತಮ್ಮ ಚೀಲವನ್ನು ನನ್ನ ಕೈಗಿಟ್ಟು, "ಅಕ್ಕಾರ, ಬಾಣಂತನ ಪೂರಾ ನಿಮ್ದರಿ," ಎಂದರು.

ಚೊಚ್ಚಲ ಹೆರಿಗೆ ತವರಿನ ಹಕ್ಕಂತೆ! ತವರಿಗೆ ಬಾಣಂತನ, ಬೀಗತಿಗೆ ದೊಡ್ಡತನ.

ಬಾಣಂತಿಗೆ ಕೊಡುವ ಅಂಟಿನುಂಡೆಗೆ ಈಗಲೇ ಕೊಬ್ಬರಿ ತುರಿಯುತ್ತಿದ್ದೇನೆ. ಬೀಗತಿಗೆ ಒಂದೂ ಕೊಡುವುದಿಲ್ಲ.