ಹನ್ನೊಂದು ಟಗರಿಗೆ ಒಂದೇ ಹದ

ಬೋನಾಳದ ಜ್ಯೋತಿಗೆ ಆ ಮುಂಜಾನೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹೇಗೆ ನಿಂತಾವು? ಮಾರಾಟಕ್ಕಿದ್ದ ಹನ್ನೊಂದು ಟಗರುಗಳ ವಿಡಿಯೋ ಮಾಡಿ ಕುರಿ ವ್ಯಾಪಾರದ ವಾಟ್ಸಾಪ್ ಗುಂಪಿಗೆ ಬಿಟ್ಟು ಒಂದು ದಿನವೂ ಆಗಿರಲಿಲ್ಲ, ಯಾದಗಿರಿಯ ಶರೀಫಸಾಬ ಫೋನ್ ಹಚ್ಚಿ, "ಆ ಏಳನೇ ಟಗರು ನಂದು, ಯಾರಿಗೂ ಕೊಡಬ್ಯಾಡ್ರಿ, ಮುಂಜಾನಿ ಬರ್ತೀನಿ" ಅಂದಿದ್ದ.

ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಬೆಳೆದ ಈಕೆ ಕುರಿಗಾರರ ಮನೆಗೆ ಸೊಸೆಯಾಗಿ ಬಂದಾಗ, ಇವಳಿಗೆ ಕುರಿ ಯಾವುದು ಆಡು ಯಾವುದು ತಿಳಿಯದು ಎಂದು ಓಣಿಯೆಲ್ಲ ನಕ್ಕಿತ್ತು. ನಕ್ಕವರೇ ಈಗ "ನಮ್ಮ ಟಗರಿಂದೂ ಒಂದು ವಿಡಿಯೋ ಹೊಡದು ಕೊಡವ್ವ" ಎಂದು ಬಾಗಿಲಿಗೆ ಬರುತ್ತಾರೆ. ಮಾವ ಹುಲಗಪ್ಪ ಮಾತ್ರ ಮೂಗು ಮುರಿಯುತ್ತಿದ್ದ. ಸುರಪುರದ ಸಂತೆಯಲ್ಲಿ ಮೂವತ್ತು ವರ್ಷ ಬರೀ ಮಾತಿನ ಮೇಲೆ ಕುರಿ ಮಾರಿದ ಮನುಷ್ಯ. "ಫೋನಿನ್ಯಾಗ ಸುಳ್ಳು ಬಂದ್ರ ಹೋಗೂದು ನನ್ನ ಹೆಸರು, ನೆನಪಿರಲಿ" ಎಂದು ಮೊದಲೇ ಎಚ್ಚರಿಸಿದ್ದ.

ಶರೀಫಸಾಬ ಬಂದ. ದೊಡ್ಡಿಯಲ್ಲಿ ಟಗರನ್ನು ನೋಡಿದ, ಫೋನು ನೋಡಿದ, ಮತ್ತೆ ಟಗರನ್ನು ನೋಡಿದ. ಹೆಗಲ ಮೇಲಿನ ಟವೆಲನ್ನು ನೀರಿಗೆ ಅದ್ದಿ ಅದರ ಬೆನ್ನು ತಿಕ್ಕಿದ. ಕೆಂಗುರಿ ತಳಿ ಎಂದ ಮೇಲೆ ಕೆಂಪಿಗೇ ಬೆಲೆ, ಹಾಗಾಗಿ ಮೆಹಂದಿ ಬಳಿದು ಮಾರುವ ಖದೀಮರೂ ಇರುತ್ತಾರೆ.

"ಟವೆಲಿಗೆ ಏನೂ ಹತ್ತಲಿಲ್ಲ. ಹಚ್ಚಿದ್ದು ತೊಳದು ಹೋತೇನು, ಹುಲಗಪ್ಪಣ್ಣ? ವಿಡಿಯೋದಾಗ ಕುಂಕುಮ ಇದ್ದಂಗಿತ್ತು, ಇಲ್ಲಿ ಇಟ್ಟಿಗಿ ಬಣ್ಣ ಐತಿ!"

ಹುಲಗಪ್ಪನ ಮುಖ ಹುಳ್ಳಗಾಯಿತು.

ಜ್ಯೋತಿ ಫೋನು ತೆಗೆದು ಒಂದೊಂದೇ ಕ್ಲಿಪ್ ನೋಡಿದಳು. ಮುಂಜಾನೆಯ ಮಂಜಿನಲ್ಲಿ ತೆಗೆದ ಮೊದಲ ಟಗರು ಬೂದಿ ಮೆತ್ತಿದಂತೆ ಕಂಡಿತ್ತು. ಒಂದು ತಾಸು ಕೂತು, ಎಡಿಟಿಂಗ್ ಆ್ಯಪಿನಲ್ಲಿ ಕೆಂಪು ಏರಿಸಿ, ಬೆಳಕು ಏರಿಸಿ ಅದರ ನಿಜದ ಬಣ್ಣ ತಂದಿದ್ದಳು. ಆ ಹದವನ್ನೇ ಕಾಪಿ ಮಾಡಿ ಉಳಿದ ಹತ್ತಕ್ಕೂ ಪೇಸ್ಟ್ ಒತ್ತಿದ್ದಳು. ಒಂದೇ ಒತ್ತು, ಹತ್ತೂ ಕೆಂಪು! ಅಬ್ಬಾ, ಆಗ ಕುಣಿದಾಡಿದ್ದಳು. ಆದರೆ ಏಳರಿಂದ ಹನ್ನೊಂದರವರೆಗಿನ ಟಗರುಗಳನ್ನು ತೆಗೆದದ್ದು ಇಳಿಬಿಸಿಲಲ್ಲಿ. ಅವು ಮೊದಲೇ ಕೆಂಪಗಿದ್ದವು.

"ಮಾವಾರ, ನಿಮ್ಮ ರುಮಾಲ ನೋಡ್ರಿ!" ಎಂದು ಕೂಗಿದಳು. ಏಳನೇ ಕ್ಲಿಪ್ಪಿನಲ್ಲಿ ಟಗರಿನ ಹಗ್ಗ ಹಿಡಿದು ನಿಂತ ಮಾವನ ಬಿಳಿ ರುಮಾಲು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಮಂಜಿನ ಟಗರಿಗೆ ಏರಿಸಿದ ಕೆಂಪನ್ನೇ ಎಲ್ಲಕ್ಕೂ ಒತ್ತಿದ್ದನ್ನು ಹೇಳಿದಳು.

"ಅಲ್ಲವ್ವ, ಕೆಮ್ಮೋ ಕುರಿ ಔಷಧ ಚಲೋ ಇದ್ದ ಕುರಿಗೂ ಕುಡಿಸಿದೇನು?" ಎಂದ ಹುಲಗಪ್ಪ.

"ಹೌದ್ರಿ. ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಎಳದೀನಿ."

ದೊಡ್ಡಿಯ ಕಲ್ಲಿನ ಮೇಲೇ ಕೂತಳು. ಏಳನೆಯದಕ್ಕೆ ಹಚ್ಚಿದ್ದೆಲ್ಲ ಅಳಿಸಿ, ರುಮಾಲು ಬೆಳ್ಳಗಾಗುವವರೆಗೆ ಕೆಂಪು ಇಳಿಸುತ್ತ ಹೋದಳು. ರುಮಾಲು ಬೆಳ್ಳಗಾಯಿತು, ಟಗರೂ ತನ್ನ ಬಣ್ಣಕ್ಕೆ ಬಂತು. ಈ ಹೊಸ ಹದವನ್ನು ಕಾಪಿ ಮಾಡಿ ಸಂಜೆಯವಕ್ಕೆ ಮಾತ್ರ ಅಂಟಿಸಿದಳು. ಮುಂಜಾನೆಯವಕ್ಕೆ ಮುಂಜಾನೆಯದೇ ಇರಲಿ ಎಂದು ಬಿಟ್ಟಳು.

ಶರೀಫಸಾಬ ಫೋನನ್ನು ಟಗರಿನ ಪಕ್ಕ ಹಿಡಿದ. "ಅರೆ ವ್ಹಾ! ಎರಡೂ ಒಂದ ಆದ್ವು ನೋಡು! ಇಟ್ಟಿಗಿ ಬಣ್ಣಾದ್ರೂ ತಳಿ ಚಲೋ ಐತಿ. ಬಿಚ್ಚಪಾ ಹಗ್ಗ."

ಹುಲಗಪ್ಪ ಬಿಚ್ಚಲಿಲ್ಲ. "ತಡೀರಿ ಸಾಬ್ರ. ಇನ್ನೂರು ಮಂದಿ ಆ ಸುಳ್ಳು ನೋಡ್ಯಾರ. ಮೊದಲ ಅದನ್ನ ತೆಗಿಯವ್ವ, ಆಮ್ಯಾಲ ವ್ಯಾಪಾರ."

ಜ್ಯೋತಿ ಹಳೆಯದನ್ನು ಅಳಿಸಿ ಹೊಸದನ್ನು ಹಾಕಿದಳು. ಅದರ ಕೆಳಗೆ ತನ್ನ ದನಿಯನ್ನೇ ರೆಕಾರ್ಡ್ ಮಾಡಿ ಹಾಕಿದಳು: "ಮೊದಲ ಹಾಕಿದ್ರಾಗ ಬಣ್ಣ ಹೆಚ್ಚಾಗಿತ್ರಿ. ತಪ್ಪು ನಂದು, ನಮ್ಮ ಮಾವಾರದಲ್ಲ."

ಐದು ನಿಮಿಷವಾಗಿರಲಿಲ್ಲ, ಶಹಾಪುರದಿಂದ ಫೋನು ಬಂತು. ಒಂಬತ್ತನೇ ಟಗರು ಬೇಕಂತೆ. "ಆದ್ರ ಈ ಬಣ್ಣರೆ ಖರೇ ಏನು? ಹುಲಗಪ್ಪಗ ಕೊಡವ್ವ, ಅಂವ ಹೇಳಿದ್ರ ನಂಬ್ತೀನಿ."

ಜ್ಯೋತಿ ಫೋನನ್ನು ಮಾವನ ಕಡೆ ಚಾಚಿದಳು. ಹುಲಗಪ್ಪ ಅದನ್ನು ಕಿವಿಗಿಟ್ಟು, ಹೊಲದಾಚೆ ಇದ್ದವನನ್ನು ಕರೆಯುವಂತೆ ಕೂಗಿದ:

"ಬಣ್ಣದ ಮಾತು ನನ್ನ ಕೇಳಬ್ಯಾಡ್ರಿ! ನನ್ನ ಸೊಸಿ ತೋರಿಸಿದಂಗ ಇಲ್ದಿದ್ರ ಟಗರು ಇಲ್ಲೇ ಬಿಟ್ಟು ಹೋಗ್ರಿ!"