ತುರಿಕೆ ನಿಂತ ಕಾಲು

ಬಂಡೀಪುರದ ಕಾಡಿನಲ್ಲಿ ವಾಚರ್ ಆಗಿದ್ದ ಮೂಗಯ್ಯನಿಗೆ ನಲವತ್ತೆಂಟು ವರ್ಷದವರೆಗೆ ಕಾಲಿಗೊಂದು ಮೆಟ್ಟು ಬೇಕೆನ್ನಿಸಿರಲಿಲ್ಲ. 2005ರ ಮಳೆಗಾಲದಲ್ಲಿ ಅವನಿಗೊಂದು ಜೊತೆ ಬೂಟು ಸಿಕ್ಕಿತು. ಅದರ ಮೇಲೆ ಎಂಥ ಪ್ರೀತಿ ಹುಟ್ಟಿತೆಂದರೆ, ಒಳಗೆಲ್ಲ ನೆನೆದು ಪಚಪಚ ಎನ್ನುತ್ತಿದ್ದರೂ ಹೊತ್ತು ಮುಳುಗುವತನಕ ಬಿಚ್ಚುತ್ತಿರಲಿಲ್ಲ.

ತಿಂಗಳೊಳಗೆ ಕಿರುಬೆರಳ ಸಂದಿ ಬೆಳ್ಳಗೆ ಬೆಂದಂತಾಗಿ, ಸಿಪ್ಪೆ ಎದ್ದು, ತಡೆಯಲಾರದ ತುರಿಕೆ ಶುರುವಾಯಿತು. ಕೆಸರು ಹುಣ್ಣೆಂದುಕೊಂಡು ಅರಿಸಿನ, ಬೇವಿನೆಣ್ಣೆ ಹಚ್ಚಿದ. ಸಂಜೆ ಜಗಲಿಯ ಕಲ್ಲಿಗೆ ಉಜ್ಜಿಕೊಂಡು ಕಣ್ಣು ಮುಚ್ಚಿ ಸುಖಪಟ್ಟ. ಬಿಸಿಲಿಗೆ ಅಡಗುವುದು, ಮಳೆಗೆ ಏಳುವುದು, ಹೀಗೇ ಎರಡು ವರ್ಷ ನಡೆಯಿತು. ಮೂರನೆಯ ಮಳೆಗಾಲದಲ್ಲಿ ತುರಿಕೆ ತಾನಾಗಿಯೇ ನಿಂತಿತು. ಮೂಗಯ್ಯ ಹಿಗ್ಗಿ ಬೇವಿನೆಣ್ಣೆಯ ಗುಣವನ್ನು ಊರಿಗೆಲ್ಲ ಹೇಳಿಕೊಂಡು ಬಂದ.

ವಾಸನೆ ಮೊದಲು ಗೊತ್ತಾದದ್ದು ಹೆಂಡತಿ ಸೋಮಮ್ಮನಿಗೆ. ಬೂಟಿನದೇ ಇರಬೇಕೆಂದು ಅದನ್ನು ಹೊರಗಿಟ್ಟಳು. ವಾಸನೆ ಮನೆಯೊಳಗೇ ಉಳಿಯಿತು. ಪಾದ ಊದಿದ್ದು ಕಂಡವಳೇ ಗಂಡನ ಮಾತು ಕೇಳದೆ ಗುಂಡ್ಲುಪೇಟೆಯ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರಮ್ಮ ಬೆರಳು ಅಗಲಿಸಿ, ಇಕ್ಕಳ ಹಾಕಿ, ಏನನ್ನೋ ಎಳೆದು ಬಟ್ಟಲಿಗೆ ಹಾಕಿದರು. ಒಂದಂಗುಲದ ಜಾಲಿಮುಳ್ಳು. ಯಾವಾಗ ಚುಚ್ಚಿತೆಂದು ಕೇಳಿದರು.

ಮೂಗಯ್ಯ ಬಟ್ಟಲನ್ನೇ ನೋಡಿದ. ಅವರು ಎಳೆದದ್ದೂ ಅವನಿಗೆ ತಿಳಿದಿರಲಿಲ್ಲ.

"ಇದು ನನ್ ಕಾಲ್ದಲ್ಲ ಕಣವ್ವ," ಎಂದ. "ನಂಗೇನೂ ಗೊತ್ತಾಗ್ನಿಲ್ಲ."

ಅವರು ಅವನ ಕಣ್ಣು ಮುಚ್ಚಿಸಿ, ಅಂಗಾಲನ್ನು ಪೆನ್ನಿನ ತುದಿಯಿಂದ ಒತ್ತುವುದಾಗಿಯೂ, ಒತ್ತಿದಾಗಲೆಲ್ಲ ಹೂಂ ಅನ್ನಬೇಕೆಂದೂ ಹೇಳಿದರು. ಮೂಗಯ್ಯ ಕಾಯುತ್ತ ಕೂತ.

"ಸುರು ಮಾಡಿ ಅವ್ವಾ," ಎಂದ ಸ್ವಲ್ಪ ಹೊತ್ತಿನ ಮೇಲೆ.

ಸೋಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಎಂಟು ಕಡೆ ಒತ್ತಿ ಮುಗಿದಿತ್ತು.

ಚಾಮರಾಜನಗರದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಾಯಿತು. ಸಕ್ಕರೆ ಕಾಯಿಲೆ ವರ್ಷಗಳಿಂದ ಒಳಗೇ ಕೂತಿತ್ತು. ಬೆರಳ ಸಂದಿಯದು ಬರೀ ಬೂಷ್ಟಿನ ಸೋಂಕು, ಒಣಗಿಸಿಕೊಂಡು ಮುಲಾಮು ಹಚ್ಚಿದ್ದರೆ ತಿಂಗಳಲ್ಲಿ ಹೋಗುವಂಥದ್ದು ಎಂದರು. ತುರಿಕೆ ನಿಂತದ್ದು ವಾಸಿಯಾಗಿ ಅಲ್ಲ, ಸಕ್ಕರೆ ಕಾಯಿಲೆಗೆ ಕಾಲಿನ ಸ್ಪರ್ಶಜ್ಞಾನವೇ ಸತ್ತದ್ದರಿಂದ. ಬಿರಿದ ಚರ್ಮದೊಳಗೆ ಕೀವು ಇಳಿದಿತ್ತು. ಕಿರುಬೆರಳನ್ನು ಉಳಿಸಲಾಗಲಿಲ್ಲ.

ಬೇಸಿಗೆಗೆ ಮತ್ತೆ ಕೆಲಸಕ್ಕೆ ಹೋದ. ಗೇಟಿನ ಹತ್ತಿರ ಕೂರುವ ಕೆಲಸ. ದಿನಾ ಸಂಜೆ ಸೋಮಮ್ಮ ಅವನ ಪಾದವನ್ನು ಮಡಿಲಿಗಿಟ್ಟುಕೊಂಡು, ಒಂದೊಂದೇ ಸಂದಿ ಒರೆಸಿ ಪೌಡರ್ ಹಾಕುತ್ತಿದ್ದಳು. ಮೂಗಯ್ಯ ಬಗ್ಗಿ ಅವಳ ಕೈಯನ್ನೇ ನೋಡುತ್ತಿದ್ದ. ನೋಡದಿದ್ದರೆ ಅವಳು ಮುಟ್ಟಿದ್ದು ಅವನಿಗೆ ತಿಳಿಯುತ್ತಿರಲಿಲ್ಲ.